ಮುಂದೆ ದೂರ ಹೋಗಬೇಕಾದರೆ ಹಿಂದೆ ನೋಡಬೇಕು

ಕಳೆದ ಡಿಸೆಂಬರಿನಲ್ಲಿ ನಮ್ಮ ಮನೆಗೆ ಇಬ್ಬರು ಮೊಮ್ಮಕ್ಕಳು ಬಂದಿದ್ದರು. ಮಗಳ ಮಗಳು ಅಮೆರಿಕದ ಕೊಲರಾಡೊದಿಂದ, ಮಗನ ಮಗ ಹುಬ್ಬಳ್ಳಿಯಿಂದ. ಅವಳಿಗೆ 13, ಅವನಿಗೆ 16. ಹುಬ್ಬಳ್ಳಿಯವನು ಒಂದು ಬ್ಯಾಗು ಬಟ್ಟೆ ತಂದಿದ್ದ. ಅಮೆರಿಕದವಳು ಬಟ್ಟೆಯ ಜೊತೆಗೆ ಕೊಡೆಯಷ್ಟು ಉದ್ದದ ಒಂದು ಕೊಳವೆಯನ್ನೂ ತಂದಿದ್ದಳು. ಅದರ ಮುಚ್ಚಳ ತೆಗೆದರೆ ಒಳಗೆ ನಾಲ್ಕು ತುಂಡು ಕೋಲು. ಒಂದಕ್ಕೊಂದು ಸಿಕ್ಕಿಸಿದಾಗ ಒಂಬತ್ತು ಅಡಿ ಉದ್ದವಾಯಿತು. ನಮ್ಮ ಜಗಲಿಯಲ್ಲಿ ಹಿಡಿಯದೆ ಅರ್ಧ ಅಂಗಳಕ್ಕೆ ಬಂತು.

"ಅಜ್ಜಾ, ಇದು ಫ್ಲೈ ರಾಡ್. ಅಲ್ಲಿ ಅಪ್ಪನೂ ನಾನೂ ನದಿಗೆ ಹೋಗ್ತೀವಿ. ಇಲ್ಲಿ ಸಮುದ್ರಾನೇ ಇದೆಯಲ್ಲ, ಅದಕ್ಕೆ ತಂದೆ" ಎಂದಳು.

ಸಮುದ್ರ ಇರುವುದು ನಿಜ. ನಮ್ಮ ಮನೆಯಿಂದ ಬೈತಖೋಲಕ್ಕೆ ನಡೆದೇ ಹೋಗಬಹುದು. ಕಾರವಾರ ನೋಡದವರಿಗಾಗಿ ಹೇಳುತ್ತೇನೆ. ಊರಿನ ದಕ್ಷಿಣಕ್ಕೆ ಗುಡ್ಡವೊಂದು ಕಡಲಿನೊಳಕ್ಕೆ ಚಾಚಿಕೊಂಡಿದೆ. ಅದರ ಮರೆಯಲ್ಲಿರುವ ಕೊಲ್ಲಿಯೇ ಬೈತಖೋಲ. ಮಳೆಗಾಲದ ನೈಋತ್ಯ ಗಾಳಿಯನ್ನು ಗುಡ್ಡ ತಡೆಯುವುದರಿಂದ ಹಾಯಿ ಹಡಗುಗಳ ಕಾಲದಿಂದಲೂ ಇದು ಆಶ್ರಯದ ಜಾಗ. ಈಗ ಅಲ್ಲಿ ದೊಡ್ಡ ಹಡಗು ಬರುವ ಬಂದರೂ ಇದೆ, ಪಕ್ಕದಲ್ಲಿ ಮೀನುಗಾರಿಕೆ ಬಂದರೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಉಳಿದ ಹತ್ತು ತಿಂಗಳು ಐಸಿನ ಪೆಟ್ಟಿಗೆ, ಬುಟ್ಟಿ, ಹರಾಜಿನ ಕೂಗು, ಕಾಗೆ, ಬೆಕ್ಕು, ಎಲ್ಲವೂ ಇರುತ್ತವೆ. ಈ ಗದ್ದಲದಿಂದ ಸ್ವಲ್ಪ ಆಚೆ, ಬಂಡೆಗಳ ಮೇಲೆ, ಗಾಳ ಹಾಕುವ ನಾಲ್ಕಾರು ಜನ ಮಾತಿಲ್ಲದೆ ಕೂತಿರುತ್ತಾರೆ. ನಾನೂ ನಿವೃತ್ತನಾದ ಮೇಲೆ ಆ ಸಂಘದ ಸದಸ್ಯ.

ಮರುದಿನ ಬೆಳಿಗ್ಗೆ ಇಬ್ಬರನ್ನೂ ಕರೆದುಕೊಂಡು ಹೋದೆ. ಹುಬ್ಬಳ್ಳಿಯವನಿಗೆ ನನ್ನ ಕೋಲು ಕೊಟ್ಟೆ. ಅದು ಸಾಮಾನ್ಯ ಕೋಲು. ರೀಲು, ತಂಗೂಸಿ, ತುದಿಗೆ ಸೀಸದ ಗುಂಡು, ಗಾಳಕ್ಕೆ ಶೆಟ್ಲಿಯ ತುಂಡು. ಕ್ರಿಕೆಟ್ ಆಡುವ ಹುಡುಗ, ತೋಳಿನಲ್ಲಿ ಬಲವಿದೆ. ಮೊದಲ ಸಲಕ್ಕೇ ಗುಂಡು ಸುಮಾರು 150 ಅಡಿ ಆಚೆ 'ಬುಳುಕ್' ಎಂದಿತು. ಮೊಮ್ಮಗಳ ದಾರ 30 ಅಡಿಗೆ ಬಿತ್ತು, ಅದೂ ಶ್ಯಾವಿಗೆಯ ಹಾಗೆ ಗುಪ್ಪೆಯಾಗಿ. ಅವಳ ಎದುರಿಗೇ, ಸುಮಾರು 50 ಅಡಿಯಲ್ಲಿ, ಬಂಗಡೆಯ ಹಿಂಡು ನೀರಿನ ಮೇಲೆ ಮಳೆಹನಿ ಬಿದ್ದಂತೆ ಆಡುತ್ತಿತ್ತು. ಅವಳು ಹತ್ತು ಸಲ ಎಸೆದಳು, ಹತ್ತು ಸಲವೂ ಅಷ್ಟೇ. "ನಿನ್ನ ಅಮೆರಿಕದ ಕೋಲಿಗಿಂತ ನಮ್ಮ ಅಜ್ಜನ ಕೋಲೇ ಚೊಲೋ" ಎಂದು ಅವನು ನಕ್ಕ. ಅವಳು ಮಾತಾಡಲಿಲ್ಲ, ಕಿವಿ ಮಾತ್ರ ಕೆಂಪಾಯಿತು.

ಮಕ್ಕಳೇ, ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ಎರಡೂ ಗಾಳವೇ ಆದರೂ ಎರಡರ ಲೆಕ್ಕ ಬೇರೆ. ನಮ್ಮ ಸಾಮಾನ್ಯ ಗಾಳದಲ್ಲಿ ತೂಕ ಇರುವುದು ಸೀಸದ ಗುಂಡಿನಲ್ಲಿ. ಗುಂಡು ಹಾರುತ್ತದೆ, ಹಗುರಾದ ತಂಗೂಸಿ ಅದರ ಹಿಂದೆ ಬಾಲದಂತೆ ಹೋಗುತ್ತದೆ. ಫ್ಲೈ ಎಂದರೆ ನೊಣ. ಪುಟ್ಟ ಗಾಳಕ್ಕೆ ಗರಿ, ನೂಲು, ಮಿಂಚುವ ಎಳೆ ಸುತ್ತಿ ಹುಳುವಿನಂತೆಯೋ ಮರಿಮೀನಿನಂತೆಯೋ ಕಾಣುವ ಹಾಗೆ ಮಾಡಿರುತ್ತಾರೆ. ಅದಕ್ಕೆ ತೂಕವೇ ಇಲ್ಲ. ಕೈಯಲ್ಲಿ ಹಿಡಿದು ಎಸೆದರೆ ಕಾಲಬುಡದಲ್ಲೇ ಬೀಳುತ್ತದೆ. ಹಾಗಾಗಿ ಇಲ್ಲಿ ತೂಕವನ್ನು ದಾರಕ್ಕೇ ಕೊಟ್ಟಿರುತ್ತಾರೆ. ಪ್ಲಾಸ್ಟಿಕ್ಕಿನ ಲೇಪವಿರುವ ದಪ್ಪ ದಾರ. ಎಸೆಯುವುದು ದಾರವನ್ನು, ಅದರ ಹಿಂದೆ ಹೋಗುವುದು ಗಾಳ.

ಈ ದಾರಕ್ಕೆ ನಂಬರುಗಳಿವೆ. ಮುಂದಿನ 30 ಅಡಿ ದಾರ ಎಷ್ಟು ತೂಗುತ್ತದೆ ಎಂಬುದರ ಮೇಲೆ ನಂಬರು. ಹೊಳೆಯ ಮೀನಿಗೆ ಸಾಮಾನ್ಯವಾಗಿ ಬಳಸುವ 5ನೇ ನಂಬರಿನದು 140 ಗ್ರೇನ್. ಸಮುದ್ರಕ್ಕೆ ಹೆಚ್ಚಾಗಿ ಬಳಸುವ 8ನೇ ನಂಬರಿನದು 210 ಗ್ರೇನ್. ಗ್ರೇನ್ ಎಂದ ಕೂಡಲೆ ನನ್ನ ಕಿವಿ ನೆಟ್ಟಗಾಯಿತು. ಬ್ಯಾಂಕಿನಲ್ಲಿ ಬಂಗಾರದ ಸಾಲದ ಪುಸ್ತಕ ಬರೆದವನು ನಾನು. ಒಂದು ತೊಲ ಎಂದರೆ 180 ಗ್ರೇನ್, ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಅಂದರೆ 8ನೇ ನಂಬರಿನ 30 ಅಡಿ ದಾರ ಒಂದು ತೊಲಕ್ಕಿಂತ ಸ್ವಲ್ಪ ಹೆಚ್ಚು, ಸುಮಾರು 13.6 ಗ್ರಾಂ. ಅಷ್ಟು ತೂಕವನ್ನು 30 ಅಡಿ ಉದ್ದಕ್ಕೆ ಹರಡಿಕೊಂಡು ಗಾಳಿಯಲ್ಲಿ ಬಿಚ್ಚಿಕೊಳ್ಳಬೇಕು. ಬರೀ ತೋಳಿನ ಬಲದಿಂದ ಆಗುವ ಕೆಲಸವಲ್ಲ ಎಂದು ಆಗ ನನಗೆ ಅಂದಾಜಾಯಿತು. ಆದರೆ ಆ ಅಂದಾಜನ್ನು ಬಾಯಿಬಿಟ್ಟು ಹೇಳುವ ಮೊದಲೇ ಆಗಬಾರದ್ದು ಆಗಿಹೋಯಿತು.

ಮೂರನೆಯ ದಿನ ಬೆಳಿಗ್ಗೆ ಹುಬ್ಬಳ್ಳಿಯವನು "ಕೊಡು ಇಲ್ಲಿ, ನಾ ಒಗದು ತೋರಸ್ತೀನಿ" ಎಂದು ಅವಳ ಕೋಲು ತೆಗೆದುಕೊಂಡ. ನಾನು ಅವನ ಹಿಂದೆ, ನಾಲ್ಕು ಮಾರು ದೂರದಲ್ಲಿ, ಬಂಡೆಯ ಮೇಲೆ ಕೂತು ಉಪ್ಪುಗಾಳಿಗೆ ಮಂಜಾದ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಿದ್ದೆ. ಅವನು ದಾರವನ್ನು ಹಿಂದಕ್ಕೆ ಬೀಸಿದ, ಕ್ಷಣವೂ ನಿಲ್ಲದೆ ಇದ್ದ ಬಲವನ್ನೆಲ್ಲ ಹಾಕಿ ಮುಂದಕ್ಕೆ ಎಳೆದ. ಹಿಂದೆ ಯಾರಿದ್ದಾರೆ ಎಂದು ನೋಡಲಿಲ್ಲ. ಎಡ ಹುಬ್ಬಿನ ಮೇಲೆ ಕೆಂಜಿರುವೆ ಕಚ್ಚಿದಂತಾಯಿತು. ಕೈಯಿಟ್ಟು ನೋಡಿದರೆ ಗರಿ ಕೈಗೆ ಸಿಕ್ಕಿತು. ಆಮೇಲೆ ರಕ್ತ.

ಮೊಮ್ಮಗಳು ಓಡಿಬಂದು ಮೊದಲು ಮಾಡಿದ ಕೆಲಸವೆಂದರೆ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದ್ದು. "ಅಜ್ಜಾ, ಎಳೀಬೇಡ, ಮುಟ್ಟಬೇಡ" ಎಂದಳು. ಅದು ಸರಿಯಾದ ಬುದ್ಧಿ. ಗಾಳದ ತುದಿಗೆ ಹಿಂದುಮುಂದಾದ ಒಂದು ಪುಟ್ಟ ಮುಳ್ಳು ಇರುತ್ತದೆ. ಒಳಗೆ ಹೋಗುವುದು ಸುಲಭ, ಎಳೆದರೆ ಮಾಂಸ ಹರಿದುಕೊಂಡೇ ಬರುತ್ತದೆ. ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋದೆವು. ವೈದ್ಯರು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಗಾಳದ ಮೊನೆಯನ್ನು ಚರ್ಮದಿಂದ ಮುಂದಕ್ಕೆ ಹೊರತಂದು, ಮುಳ್ಳನ್ನು ಕತ್ತರಿಸಿ, ಉಳಿದದ್ದನ್ನು ಬಂದ ದಾರಿಯಲ್ಲೇ ತೆಗೆದರು. ಎರಡು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್. "ಒಂದು ಬೆರಳು ಕೆಳಗೆ ಬಿದ್ದಿದ್ದರೆ ನಾವು ಬೇರೆ ಮಾತಾಡಬೇಕಿತ್ತು" ಎಂದರು. ಒಂದು ಬೆರಳು ಕೆಳಗೆ ಇದ್ದದ್ದು ಕಣ್ಣು.

ಮನೆಯಲ್ಲಿ ನಮ್ಮ ಯಜಮಾನಿ ಕೋಲನ್ನು ಅಟ್ಟಕ್ಕೇರಿಸಿದಳು. "ಇನ್ನು ಬೈತಖೋಲದ ಹೆಸರು ಎತ್ತಿದರೆ ನೋಡಿ" ಎಂದಳು. ಹುಬ್ಬಳ್ಳಿಯ ಹುಡುಗ ಆ ರಾತ್ರಿ ಉಣ್ಣಲಿಲ್ಲ. ಮರುದಿನ ನನ್ನ ಎದುರಿಗೇ ಬರಲಿಲ್ಲ. ನಾನು ಜಗಲಿಗೆ ಬಂದರೆ ಹಿತ್ತಲಿಗೆ ಹೋಗುವ, ಹಿತ್ತಲಿಗೆ ಹೋದರೆ ಮಾಳಿಗೆಗೆ ಹತ್ತುವ. ನಗುನಗುತ್ತ ಬಂದ ಹುಡುಗ, ಇನ್ನು ಏಳು ದಿನಕ್ಕೆ ಹೋಗುವವನು, ಹೀಗೇ ಹೋದರೆ ಮುಂದಿನ ರಜೆಗೆ ಬರುತ್ತಾನೆಯೇ? ನನಗೆ ಹುಬ್ಬಿನ ನೋವಿಗಿಂತ ಅದೇ ದೊಡ್ಡದಾಯಿತು.

ಸಂಜೆ ನೋಡಲು ಬಂದವರು ನಮ್ಮ ತಾಂಡೇಲರು. ತಾಂಡೇಲ ಎಂದರೆ ದೋಣಿಯ ಮುಖ್ಯಸ್ಥ. ಈಗ ದೋಣಿ ಬಿಟ್ಟಿದ್ದಾರೆ, ಬೀಸುಬಲೆ ಬಿಟ್ಟಿಲ್ಲ. ಅಟ್ಟದ ಮೇಲಿನ ಕೋಲನ್ನು ಇಳಿಸಿ ನೋಡಿದರು, ದಾರವನ್ನು ಬೆರಳಲ್ಲಿ ಹೊಸೆದು ತೂಕ ನೋಡಿದರು. ಆಮೇಲೆ ಹುಡುಗನನ್ನು ಕರೆದರು.

"ತಮಾ, ಇಲ್ಲಿ ಬಾ. ನಾವು ಬಲೆ ಬೀಸುವಾಗ ಮೊದಲು ಸಮುದ್ರ ನೋಡೂದಿಲ್ಲ. ಮೊದಲು ಹಿಂದೆ ನೋಡೂದು. ಯಾರಿದ್ದಾರೆ, ಕಾಲಡಿ ಹೆಂಗಿದೆ, ಬಲೆ ಎಲ್ಲಾದರೂ ಸಿಕ್ಕಿದೆಯಾ ಅಂತ. ಬಲೆ ಹಿಂದೆ ಸರಿಯಾಗಿ ತಿರುಗಿದರೆ ಮುಂದೆ ತಾನೇ ಅರಳ್ತದೆ. ಹಿಂದಿನದು ಕೆಟ್ಟರೆ ಮುಂದೆ ಎಷ್ಟು ಜೋರು ಮಾಡಿದರೂ ಗುಂಪೆ."

ಹುಡುಗ ತಲೆ ಕೆಳಗೆ ಹಾಕಿಕೊಂಡು ನಿಂತಿದ್ದ. ಮೊಮ್ಮಗಳು ಮಾತ್ರ "ಅಪ್ಪನೂ ಇದನ್ನೇ ಹೇಳ್ತಾರೆ. ಆದರೆ ಹಿಂದೆ ದಾರ ಯಾವಾಗ ನೆಟ್ಟಗಾಯ್ತು ಅಂತ ನಂಗೆ ಗೊತ್ತಾಗೋದೇ ಇಲ್ಲ" ಎಂದಳು.

ಆ ಒಂದು ಮಾತಿನಲ್ಲಿ ಎಲ್ಲ ಇತ್ತು. ದಾರ ಗುಪ್ಪೆಯಾಗಿ ಬೀಳಲು ಕಾರಣ ಅದೇ, ನನ್ನ ಹುಬ್ಬು ಹರಿಯಲು ಕಾರಣವೂ ಅದೇ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೋಲನ್ನು ಹಿಂದಕ್ಕೆ ಬೀಸಿ ನಿಲ್ಲಿಸಿದಾಗ ದಾರ ಮಡಿಕೆಯಾಗಿ ತಲೆಯ ಮೇಲಿಂದ ಹಿಂದಕ್ಕೆ ಉರುಳುತ್ತಾ ಹೋಗುತ್ತದೆ. ಪೂರ್ತಿ ಬಿಚ್ಚಿ ನೆಟ್ಟಗಾದಾಗ ಅದರ ತೂಕ ಕೋಲಿನ ತುದಿಯನ್ನು ಹಿಂದಕ್ಕೆ ಜಗ್ಗುತ್ತದೆ. ಆಗ ಮುಂದಕ್ಕೆ ಎಳೆದರೆ ಕೋಲು ಬಿಲ್ಲಿನಂತೆ ಬಾಗಿ, ಬಾಗಿದ್ದು ನೆಟ್ಟಗಾಗುವಾಗ ದಾರವನ್ನು ಚಿಮ್ಮುತ್ತದೆ. ದಾರ ಇನ್ನೂ ಬಿಚ್ಚಿಕೊಳ್ಳುತ್ತಿರುವಾಗಲೇ ಎಳೆದರೆ ಕೋಲಿಗೆ ಬಾಗಲು ಭಾರವೇ ಸಿಗುವುದಿಲ್ಲ. ನಿಮ್ಮ ಅರ್ಧ ಎಳೆತ ಸಡಿಲು ದಾರವನ್ನು ಬಿಗಿ ಮಾಡಲು ಖರ್ಚಾಗುತ್ತದೆ. ಮಿತಿಮೀರಿ ಬೇಗ ಎಳೆದರೆ 'ಛಟ್' ಎಂದು ಚಾಟಿಯ ಸದ್ದು ಬರುತ್ತದೆ. ಚಾಟಿಯ ತುದಿ ಶಬ್ದದ ವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು, ದಾಟಿದಾಗ ಬರುವ ಸದ್ದದು. ಗಾಳ ಆಗ ಕಿತ್ತುಹೋಗುವುದೂ ಉಂಟು. ಇನ್ನು ಅತಿ ತಡಮಾಡಿದರೆ ದಾರ ನೆಲಕ್ಕೆ ಬಿದ್ದು ಕಲ್ಲಿಗೆ ಸಿಕ್ಕುತ್ತದೆ. ಇವೆರಡರ ನಡುವಿನ ಒಂದು ಗಳಿಗೆಯೇ ಬೇಕಾದದ್ದು. ದಾರ ಉದ್ದವಾದಷ್ಟೂ ಆ ಕಾಯುವಿಕೆಯೂ ಉದ್ದ. ದೂರ ಎಸೆಯಲು ಅವಸರಪಡುವವನು ಹೆಚ್ಚು ಕಾಯಬೇಕಾದಲ್ಲಿ ಕಡಿಮೆ ಕಾಯುತ್ತಾನೆ. ಅಲ್ಲೇ ಕೆಡುವುದು.

ತಾಂಡೇಲರು ಹೋದ ಮೇಲೆ ನಾನು ಹುಡುಗನಿಗೆ ಹೇಳಿದೆ: "ನಾಳೆಯಿಂದ ನಿನಗೊಂದು ಕೆಲಸ. ಅವಳಿಗೆ ಬೆನ್ನಲ್ಲಿ ಕಣ್ಣಿಲ್ಲ. ನೀನು ಪಕ್ಕದಲ್ಲಿ ದೂರ ನಿಂತು ದಾರ ನೆಟ್ಟಗಾದ ಕೂಡಲೆ 'ಹಾಂ' ಅನ್ನಬೇಕು. ಹಿಂದೆ ಯಾರಾದರೂ ಬಂದರೆ 'ನಿಲ್ಲು' ಅನ್ನಬೇಕು."

"ನಾ ಒಲ್ಲೆ ಅಜ್ಜಾ."

"ನಿನ್ನನ್ನು ಬಿಟ್ಟರೆ ನಾನೇ ನಿಲ್ಲಬೇಕು. ನನಗಿರುವುದು ಈಗ ಒಂದೂವರೆ ಕಣ್ಣು."

ಅವನಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಒಪ್ಪಿಕೊಂಡ.

ಯಜಮಾನಿಯನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಮೂರು ಕರಾರು ಹಾಕಿದಳು. ಗಾಳ ಇರಕೂಡದು. ಎಲ್ಲರೂ ಕನ್ನಡಕ, ಟೊಪ್ಪಿಗೆ ಹಾಕಿರಬೇಕು. ಬಂಡೆಯ ಮೇಲೆ ಅಲ್ಲ, ಬಯಲಲ್ಲಿ. ಮೂರೂ ಸರಿಯಾದ ಕರಾರುಗಳೇ. ಈ ವಿದ್ಯೆ ಕಲಿಸುವವರು ಎಲ್ಲ ಕಡೆಯೂ ಮೊದಲು ಹುಲ್ಲಿನ ಮೇಲೆ, ಗಾಳದ ಬದಲು ಉಣ್ಣೆಯ ತುಣುಕು ಕಟ್ಟಿ ಕಲಿಸುತ್ತಾರಂತೆ. ನಾವು ಅವಳದ್ದೇ ಹಳೆಯ ಸ್ವೆಟರಿನಿಂದ ಕೆಂಪು ಉಣ್ಣೆ ಕಿತ್ತು ಕಟ್ಟಿದೆವು. ಬೆಳಿಗ್ಗೆ ಆರೂವರೆಗೆ, ವಾಕಿಂಗಿನವರು ಬರುವ ಮೊದಲು, ಮಾಲಾದೇವಿ ಮೈದಾನಕ್ಕೆ ಹೋದೆವು. ನನ್ನ ಕೈಯಲ್ಲಿ ಅಳತೆಯ ಟೇಪು, ಒಂದು ನೋಟ್‌ಬುಕ್ಕು. ಗುಮಾಸ್ತನ ಅಭ್ಯಾಸ, ಬರೆದಿಡದಿದ್ದರೆ ನಿದ್ದೆ ಬಾರದು.

ಮೊದಲ ದಿನದ ಸರಾಸರಿ 31 ಅಡಿ. ಎರಡನೆಯ ದಿನ ಅವಳು ಹಟಕ್ಕೆ ಬಿದ್ದು ಜೋರು ಮಾಡಿದಳು, 28ಕ್ಕೆ ಇಳಿಯಿತು. ಅದನ್ನು ಓದಿ ಹೇಳಿದಾಗ ಕೋಲು ಕೆಳಗಿಟ್ಟು ಕೂತುಬಿಟ್ಟಳು. "ನಂಗೆ ಶಕ್ತಿ ಸಾಲಲ್ಲ ಅಜ್ಜಾ" ಎಂದಳು.

ಆಗ ಅವಳಿಗೆ ಅವಳದೇ ದೇಶದ ಒಬ್ಬ ಹೆಣ್ಣುಮಗಳ ಕಥೆ ನೆನಪಿಸಿದೆ. ಹಿಂದಿನ ರಾತ್ರಿ ಅವಳ ಅಪ್ಪನೇ ಫೋನಿನಲ್ಲಿ ಹೇಳಿದ್ದು. ಜೋನ್ ವುಲ್ಫ್ ಎಂದು ಹೆಸರು, 1926ರಲ್ಲಿ ಹುಟ್ಟಿದವರು. ಕಸುಬಿನಿಂದ ನೃತ್ಯದ ಟೀಚರು. 1951ರಲ್ಲಿ ದೂರ ಎಸೆಯುವ ಸ್ಪರ್ಧೆಯೊಂದರಲ್ಲಿ ಎದುರಾಳಿಗಳೆಲ್ಲ ಗಂಡಸರು, ಗೆದ್ದವರು ಈಕೆ. 1960ರಲ್ಲಿ ಅವರ ದಾರ 161 ಅಡಿ ದೂರ ಹೋಯಿತು. ತೋಳು ದಪ್ಪವಿದ್ದವರು ಸೋತರು, ತಾಳ ಗೊತ್ತಿದ್ದವರು ಗೆದ್ದರು. "ನೀನು ಭಾನುವಾರ ಭರತನಾಟ್ಯದ ಕ್ಲಾಸಿಗೆ ಹೋಗ್ತೀಯಲ್ಲ, ಅಲ್ಲಿ ತಾಳ ಬೀಳುವ ಮೊದಲೇ ಹೆಜ್ಜೆ ಇಡ್ತೀಯಾ?" ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಎದ್ದು ಕೋಲು ಹಿಡಿದಳು.

ಅಲ್ಲಿಂದ ಮುಂದೆ ಒಂದೊಂದೇ ತಪ್ಪು ತಿದ್ದುತ್ತ ಹೋದೆವು. ಕಲಿಯುವವರಿಗೆ ಉಪಯೋಗವಾದೀತೆಂದು ನೋಟ್‌ಬುಕ್ಕಿನಲ್ಲಿ ಇದ್ದದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಸಡಿಲ ದಾರ. ಎಸೆಯುವ ಮೊದಲು ಕೋಲಿನ ತುದಿಯನ್ನು ತಗ್ಗಿಸಿ, ದಾರವನ್ನು ಎಡಗೈಯಿಂದ ಬಿಗಿಮಾಡಿಕೊಳ್ಳಬೇಕು. ಕೋಲು ಅಲುಗಿದ ಕೂಡಲೆ ದಾರದ ತುದಿಯೂ ಅಲುಗಬೇಕು. ಸಡಿಲಿದ್ದರೆ ಅರ್ಧ ಬೀಸು ವ್ಯರ್ಥ.

ಎರಡನೆಯದು ಮಣಿಕಟ್ಟು. ಹೆಬ್ಬೆರಳು ಕೋಲಿನ ಮೇಲ್ಭಾಗದಲ್ಲಿರಬೇಕು. ಮಣಿಕಟ್ಟು ಹಿಂದಕ್ಕೆ ಮಡಿಚಿದರೆ ಕೋಲು ನೆಲಕ್ಕೆ ವಾಲುತ್ತದೆ, ಅದರ ಹಿಂದೆ ದಾರವೂ ನೆಲಕ್ಕೆ. ಅವಳಿಗೆ ಇದೇ ಚಾಳಿ ಇತ್ತು. ಕೋಲಿನ ಬುಡವನ್ನು ಕರವಸ್ತ್ರದಿಂದ ಮಣಿಕಟ್ಟಿಗೆ ಸಡಿಲವಾಗಿ ಕಟ್ಟಿದೆವು. ಒಂದೇ ದಿನದಲ್ಲಿ ಬಿಟ್ಟುಹೋಯಿತು.

ಮೂರನೆಯದು ನಿಲ್ಲಿಸುವುದು. ನಿಧಾನವಾಗಿ ಶುರುಮಾಡಿ, ವೇಗ ಹೆಚ್ಚಿಸುತ್ತ, ಕೊನೆಗೆ ಥಟ್ಟನೆ ನಿಲ್ಲಿಸಬೇಕು. ಪುರೋಹಿತರು ಮಾವಿನೆಲೆಯಿಂದ ತೀರ್ಥ ಚಿಮುಕಿಸುವುದನ್ನು ನೋಡಿದ್ದೀರಲ್ಲ? ಕೈ ನಿಂತಾಗಲೇ ನೀರು ಹಾರುವುದು. ಕೈ ಹಾಗೇ ಬೀಸುತ್ತ ಹೋದರೆ ನೀರು ಅವರ ಕಾಲಮೇಲೇ ಸುರಿಯುತ್ತದೆ. ಶುರುವಿನಲ್ಲೇ ಜಗ್ಗಿದರೆ ಇನ್ನೊಂದು ತೊಂದರೆ. ದಾರ ತನ್ನ ಮೇಲೇ ಅಡ್ಡ ಬಂದು ತಂಗೂಸಿಯಲ್ಲಿ ಗಂಟು ಬೀಳುತ್ತದೆ.

ನಾಲ್ಕನೆಯದು ನೇರ ದಾರಿ. ಕೋಲಿನ ತುದಿ ಗಾಳಿಯಲ್ಲಿ ಅಡ್ಡಗೆರೆ ಎಳೆದಂತೆ ಹೋದರೆ ದಾರದ ಮಡಿಕೆ ಕಿರಿದಾಗಿ ಗಾಳಿಯನ್ನು ಸೀಳುತ್ತದೆ. ಕಾರಿನ ವೈಪರಿನಂತೆ ಅರ್ಧಚಂದ್ರ ಬರೆದರೆ ಮಡಿಕೆ ದೊಡ್ಡದಾಗಿ, ಗಾಳಿಯೇ ಅದನ್ನು ತಡೆದು ನಿಲ್ಲಿಸುತ್ತದೆ.

ಐದನೆಯದು ಕಾಯುವುದು. ಅದಕ್ಕೆ ನಮ್ಮ ಹುಡುಗನ 'ಹಾಂ' ಇತ್ತು. ಮೊದಲ ದಿನ ಅವನ ದನಿ ಹೊರಡಲೇ ಇಲ್ಲ. ಮೂರನೆಯ ದಿನದ ಹೊತ್ತಿಗೆ ಅವನೇ ಮಾಸ್ತರನಾಗಿದ್ದ. "ಇನ್ನೂ ಬಿಚ್ಚಿಲ್ಲ... ಇನ್ನೂ ಇಲ್ಲ... ಹಾಂ!" ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೂಗುತ್ತಿದ್ದ. ಹಿಂದೆ ಒಂದು ನಾಯಿ ಹಾದರೂ "ನಿಲ್ಲು" ಎನ್ನುತ್ತಿದ್ದ. ಆ ದಿನದ ಸರಾಸರಿ 39 ಅಡಿ. ಅದರ ಮರುದಿನ ಅವನು ಸುಮ್ಮನಿದ್ದರೂ ಅವಳ ಕೈ ತಾನೇ ಕಾಯತೊಡಗಿತು. 44 ಅಡಿ.

ಕೊನೆಯದು ಎಡಗೈ. ಬಲಗೈ ಕೋಲನ್ನು ಬೀಸುವಾಗಲೇ ಎಡಗೈ ದಾರವನ್ನು ಒಮ್ಮೆ ಕೆಳಕ್ಕೆ ಸೆಳೆದರೆ ದಾರದ ವೇಗ ಹೆಚ್ಚುತ್ತದೆ. ಹಿಂದಕ್ಕೆ ಒಮ್ಮೆ, ಮುಂದಕ್ಕೆ ಒಮ್ಮೆ. ಕೋಲು ಮುಂದೆ ನಿಂತ ಮೇಲೆ ಎಡಗೈಯಲ್ಲಿನ ದಾರವನ್ನು ಬಿಟ್ಟರೆ ಕಾಲಬುಡದಲ್ಲಿ ಸುರುಳಿಯಾಗಿದ್ದ ದಾರವೂ ಸರ್ರನೆ ಹೊರಡುತ್ತದೆ. ನಿಲ್ಲುವ ಮೊದಲೇ ಬಿಟ್ಟರೆ ಇಲ್ಲ. ಇದು ದೊಡ್ಡವರಿಗೂ ತಿಂಗಳುಗಟ್ಟಲೆ ಹಿಡಿಯುವ ಪಾಠ. ಅವಳಿಗೆ ಹತ್ತರಲ್ಲಿ ಮೂರು ಸಲ ಬಂತು. ಬಂದಾಗ 50 ದಾಟಿತು. ಪ್ರತಿದಿನ ಮನೆಗೆ ಬಂದು ದಾರವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆವು. ದೂಳು, ಉಪ್ಪು ಅಂಟಿದ ದಾರ ಕೋಲಿನ ಬಳೆಗಳಲ್ಲಿ ಜಾರುವುದಿಲ್ಲ. ಬರೀ ಒರೆಸಿದ್ದರಿಂದಲೇ ಎರಡು ಮೂರು ಅಡಿ ಹೆಚ್ಚು ಹೋಗುತ್ತಿತ್ತು ಎಂದು ನನ್ನ ಲೆಕ್ಕ ಹೇಳುತ್ತದೆ.

ಈ ನಡುವೆ ಒಂದು ಸಂಜೆ ಹುಡುಗ "ಅಜ್ಜಾ, ಇದೆಲ್ಲ ಸಾಹೇಬರ ಆಟ ಹೌದಲ್ಲೋ?" ಎಂದು ಕೇಳಿದ. ಗರಿ ಕಟ್ಟಿದ ಗಾಳದ ಈ ಪದ್ಧತಿ ಬ್ರಿಟಿಷರ ಜೊತೆ ಬಂದದ್ದಿರಬಹುದು. ಆದರೆ ಕೋಲು ಹಿಡಿದು ಮೀನು ಹಿಡಿಯುವುದು ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಅದಕ್ಕೆ ಯಾವ ಆಹಾರ, ಗಾಳ ಹೇಗೆ ಎಂಬುದನ್ನೆಲ್ಲ ಆ ಅರಸ ಬರೆದಿಟ್ಟಿದ್ದಾನೆ. ಕಲ್ಯಾಣ ಎಂದರೆ ಇಂದಿನ ಬಸವಕಲ್ಯಾಣ, ಬೀದರ ಜಿಲ್ಲೆ. ಸಾಹೇಬರ ಪುಸ್ತಕವೂ ನಮ್ಮ ಕರಾವಳಿಯದ್ದೇ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಭಾರತದಲ್ಲಿ ಗಾಳ ಹಾಕುವ ಬಗ್ಗೆ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಇದನ್ನು ಕೇಳಿದ ಮೇಲೆ ಹುಡುಗ ಆ ಕೋಲನ್ನು 'ಅಮೆರಿಕದ ಕೋಲು' ಎನ್ನುವುದನ್ನು ಬಿಟ್ಟ.

ಹೊರಡುವ ಹಿಂದಿನ ದಿನ ಯಜಮಾನಿಯ ಅಪ್ಪಣೆ ಸಿಕ್ಕಿತು, ತಾಂಡೇಲರೂ ಜೊತೆಗಿರಬೇಕು ಎಂಬ ಕರಾರಿನ ಮೇಲೆ. ಗಾಳ ಕಟ್ಟುವ ಮೊದಲು ಹುಡುಗ ಇಕ್ಕಳ ತಂದು ಅದರ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿದ. ಮುಳ್ಳಿಲ್ಲದ ಗಾಳ ಚುಚ್ಚಿದರೂ ಸುಲಭವಾಗಿ ಹೊರಬರುತ್ತದೆ. ಬಿಟ್ಟುಬಿಡಬೇಕಾದ ಸಣ್ಣ ಮೀನಿಗೂ ಗಾಯ ಕಡಿಮೆ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ, ಎಲ್ಲೋ ಓದಿಕೊಂಡು ಬಂದಿದ್ದ. ತನ್ನ ಹೆಬ್ಬೆರಳಿಗೆ ಹಚ್ಚಿ ನೋಡಿ ನನಗೆ ತೋರಿಸಿದ. ನಾನು ಏನೂ ಹೇಳಲಿಲ್ಲ, ಬೆನ್ನು ತಟ್ಟಿದೆ.

ಬೆಳಗಿನ ಹೊತ್ತು ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ, ಬಿಸಿಲೇರಿದ ಮೇಲೆ ಕಡಲಿನಿಂದ ನೆಲಕ್ಕೆ. ನಾವು ಬೆಳಗಿನದ್ದನ್ನೇ ಆರಿಸಿಕೊಂಡೆವು. ಪಾಚಿಯಿಲ್ಲದ ಒಣ ಬಂಡೆ ನೋಡಿ ಅವಳನ್ನು ನಿಲ್ಲಿಸಿದರು ತಾಂಡೇಲರು. ನಾನು ಅವಳ ಎಡಗಡೆ, ದೂರ, ಕನ್ನಡಕ ಹಾಕಿಕೊಂಡು ಕೂತೆ. ಹುಡುಗ ಹಿಂದೆ ನೋಡಿದ. "ಯಾರೂ ಇಲ್ಲ" ಎಂದ.

ದಾರ ಹಿಂದಕ್ಕೆ ಹೋಯಿತು. ಬಿಚ್ಚಿತು. ಅವಳು ಕಾದಳು. ಮುಂದಕ್ಕೆ ಬಂದ ದಾರ ಬೆಳಕಿನಲ್ಲಿ ಗೆರೆ ಎಳೆದಂತೆ ಹೋಗಿ, ನೆಟ್ಟಗೆ ಚಾಚಿ, ನೀರಿನ ಮೇಲೆ ಸದ್ದಿಲ್ಲದೆ ಮಲಗಿತು. ದಾರಕ್ಕೆ ನಾವು ಮೊದಲೇ 50 ಅಡಿಗೆ ಮಸಿಯ ಗುರುತು ಹಾಕಿದ್ದೆವು. ಗುರುತು ಕೋಲಿನ ತುದಿ ದಾಟಿ ಮೂರು ಅಡಿ ಆಚೆ ಹೋಗಿತ್ತು. 53. ಹುಡುಗ ಕುಣಿದಾಡಿಬಿಟ್ಟ.

ಅಲ್ಲಿ ಮೀನಿರಲಿಲ್ಲ. ಅವಳು ದಾರವನ್ನು ಮೊಳ ಮೊಳವಾಗಿ ಎಳೆದುಕೊಳ್ಳುತ್ತ ಬಂದಳು. ಬಂಡೆಯಿಂದ ಇನ್ನೇನು ಹದಿನೈದು ಅಡಿ ಇದೆ ಎನ್ನುವಾಗ ಕೋಲು ಬಗ್ಗಿತು. ಒಂದು ಬಂಗಡೆ, ಅಂಗೈಗಿಂತ ಸ್ವಲ್ಪ ಉದ್ದ. ತಾಂಡೇಲರು ನಕ್ಕರು. "ಇದನ್ನ ಹಿಡೂಕೆ ಅಷ್ಟು ದೂರ ಒಗೀಬೇಕಾಗಿತ್ತಾ ಮಗಾ? ಮೀನು ಕಾಲಬುಡದಲ್ಲೇ ಇತ್ತು." ನಲವತ್ತು ವರ್ಷ ಕಡಲಲ್ಲಿದ್ದವರ ಮಾತು. ದೂರ ಎಸೆಯಲು ಬಂದರೆ ಒಳ್ಳೆಯದೇ, ಆದರೆ ಹತ್ತಿರದ ನೀರನ್ನು ಮೊದಲು ನೋಡಬೇಕು ಎಂಬುದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಬರುವಾಗ ಹುಡುಗ ಬಂಡೆಯ ಸಂದಿಯಲ್ಲಿ ಯಾರೋ ಬಿಟ್ಟುಹೋಗಿದ್ದ ತಂಗೂಸಿಯ ಸಿಕ್ಕನ್ನೆಲ್ಲ ಆರಿಸಿ ಚೀಲಕ್ಕೆ ಹಾಕಿದ. ನಮ್ಮ ಕಡಲ ದಂಡೆಗೆ ಮೊಟ್ಟೆಯಿಡಲು ಕಡಲಾಮೆಗಳು ಬರುತ್ತವೆ. ಅವುಗಳ ಕಾಲಿಗೆ, ಹಕ್ಕಿಗಳ ರೆಕ್ಕೆಗೆ ಅದು ಉರುಳು. ದಯವಿಟ್ಟು ಗಾಳ ಹಾಕುವವರು ದಾರ ಬಿಟ್ಟು ಬರಬೇಡಿ. ಮಳೆಗಾಲದಲ್ಲಿ ಬಂಡೆಗೆ ಹೋಗಲೂಬೇಡಿ.

ಮನೆಯಲ್ಲಿ ಯಜಮಾನಿ ಬಂಗಡೆಯನ್ನು ತಿರುಗಿಸಿ ನೋಡಿದಳು. "ಹುಬ್ಬು ಹರಿಸಿಕೊಂಡು, ಹತ್ತು ದಿನ ಊರು ತಿರುಗಿ, ಏಳು ಜನರ ಮನೆಗೆ ಒಂದು ಬಂಗಡೆ" ಎಂದಳು. ಹೇಳುತ್ತಲೇ ಮಸಾಲೆ ಅರೆದು ಹುರಿದಳು. ಏಳು ತುಂಡು ಮಾಡಿದಳು. ಹುಬ್ಬಳ್ಳಿಯವನು ತನ್ನ ತುಂಡನ್ನು ನನ್ನ ತಟ್ಟೆಗೆ ಹಾಕಿದ. ನಾನು ಅದನ್ನು ಮೊಮ್ಮಗಳ ತಟ್ಟೆಗೆ ಹಾಕಿದೆ. ಅವಳು ಎರಡು ಮಾಡಿ ಅರ್ಧ ಅವನಿಗೆ ಕೊಟ್ಟಳು.

ಕೋಲನ್ನು ಅವಳು ಒಯ್ಯಲಿಲ್ಲ. ನಮ್ಮ ಅಟ್ಟದ ಮೇಲೆ ಇದೆ. ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಫೋನು ಬರುತ್ತದೆ. "ಅಜ್ಜಾ, ದಾರ ಒರೆಸಿಟ್ಟೀಯಿಲ್ಲೋ? ಮೇ ತಿಂಗಳ ರಜೆಗೆ ನಾ ಬರ್ತೀನಿ."